ಮೂವತ್ತು-ನಲವತ್ತರ ಸೈಟು, ಪ್ಲ್ಯಾನ್ ಮೇಷ್ಟ್ರು

ಅವರ ಬಲ ಅಂಗೈಯ ಅಂಚು, ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ, ಸದಾ ಬೂದುಬಣ್ಣಕ್ಕೆ ಹೊಳೆಯುತ್ತಿತ್ತು. ಅದು ಪೆನ್ಸಿಲ್ಲಿನ ಹೊಳಪು, ಎಷ್ಟು ತೊಳೆದರೂ ಹೋಗದು. ಕಾಗದದ ಮೇಲೆ ಕೈ ಊರಿ ಗೆರೆ ಎಳೆದು ಎಳೆದು ಚರ್ಮವೇ ಆ ಬಣ್ಣಕ್ಕೆ ತಿರುಗಿತ್ತು. ಮುರಿದ ಕನ್ನಡಕದ ಕಡ್ಡಿಗೆ ರೇಷ್ಮೆ ನೂಲು ಸುತ್ತಿದ್ದರು. ಪಕ್ಕದ ಮನೆಯ ಮಗ್ಗದಲ್ಲಿ ಆಗ ಯಾವ ಸೀರೆ ನೇಯುತ್ತಿದ್ದರೋ ಅದರ ಬಣ್ಣದ ನೂಲು.

ದೊಡ್ಡಬಳ್ಳಾಪುರದಲ್ಲಿ ಎಲ್ಲರೂ ಅವರನ್ನು ಪ್ಲ್ಯಾನ್ ಮೇಷ್ಟ್ರು ಎನ್ನುತ್ತಿದ್ದರು. ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಮನೆ ಕಟ್ಟುವವರಿಗೆ ನಗರಸಭೆಯ ಪರವಾನಗಿಗೆ ಬೇಕಾದ ನಕ್ಷೆ ಬರೆದುಕೊಡುವುದು ಅವರ ಕೆಲಸ. ಅವರು ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಇಂಜಿನಿಯರಿಂಗ್ ಓದಿದ ಮಗಳು ಕಂಪ್ಯೂಟರಿಗೆ ಹಾಕಿ, ತನ್ನ ಲೈಸೆನ್ಸಿನಲ್ಲಿ ಆನ್‌ಲೈನ್ ಕಳಿಸುತ್ತಿದ್ದಳು. ಪಾಠ ಮಾಡಿದವಳು ನಾನು. ಕಾನ್ವೆಂಟ್ ಸ್ಕೂಲಿನಲ್ಲಿ ಮೂವತ್ತು ವರ್ಷ ಜಿಯಾಗ್ರಫಿ. ಇದನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಎಡವಟ್ಟು ಆದದ್ದೇ ಅದರಿಂದ.

ಆರು ವರ್ಷದವಳಾಗಿದ್ದಾಗಲೇ ನನ್ನನ್ನು ಬೋರ್ಡಿಂಗಿಗೆ ಸೇರಿಸಿದ್ದರು. ಆಮೇಲೆ ವರ್ಕಿಂಗ್ ವುಮೆನ್ಸ್ ಹಾಸ್ಟೆಲ್, ಆಮೇಲೆ ಟೀಚರ್ಸ್ ಕ್ವಾರ್ಟರ್ಸ್, ರಿಟೈರ್ ಆದಮೇಲೆ ಬಾಡಿಗೆ ಮನೆ. ಮದುವೆಯಾಗಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಜೀವಮಾನವಿಡೀ ಯಾರದಾದರೂ ಪರ್ಮಿಷನ್ ಕೇಳಿದವಳು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಲೇಟ್ ಆದರೂ ಸರಿ ಎಂದು, ಮೂವತ್ತಕ್ಕೆ ನಲವತ್ತರ ಒಂದು ಸೈಟು ಕೊಂಡೆ. ಬಾಡಿಗೆ ಮನೆಯ ಯಜಮಾನರು ನಾನಿದ್ದ ಭಾಗದಲ್ಲಿ ಪವರ್‌ಲೂಮ್ ಹಾಕಬೇಕು, ಯುಗಾದಿಯೊಳಗೆ ಖಾಲಿ ಮಾಡಿಕೊಡಿ ಎಂದಿದ್ದರು. ಇನ್ನೊಂದು ಬಾಡಿಗೆ ಮನೆಗೆ ಟ್ರಂಕು ಸಾಗಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಯಾರದೋ ಕೈಲಿ ಪ್ಲ್ಯಾನ್ ಬರೆಸಿ ಅರ್ಜಿ ಹಾಕಿದೆ. ವಾಪಸ್ಸು ಬಂತು. ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬ ವಿವರ, ಸ್ಥಳಕ್ಕೆ ತಾಳೆಯಾಗುತ್ತಿಲ್ಲ ಎಂದು ಷರಾ. ನನಗೆ ರೇಗಿಹೋಯಿತು. ಸೈಟು ಮಾರಿದಾಕೆ ಬೂದಿಗೆರೆಯ ರೈತ ಹೆಂಗಸು. ತೀರಿಹೋದ ಗಂಡ ಕೊಂಡಿಟ್ಟಿದ್ದನ್ನು ನನಗೆ ಮಾರಿದ್ದರು. ಫೋನ್ ಮಾಡಿ, "ಒಂದು ಸೈಟು ತೋರ್ಸಿ ಇನ್ನೊಂದು ರಿಜಿಸ್ಟರ್ ಮಾಡಿದ್ದೀರ! ಇದು ಚೀಟಿಂಗ್! ನೀವು ಮೋಸಗಾತಿ!" ಎಂದು ಕೂಗಿ ಫೋನ್ ಇಟ್ಟೆ. ಆಕೆ ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ.

ಆಗ ಹಾಲಿನ ಬೂತಿನಾಕೆ ನನ್ನನ್ನು ಮೇಷ್ಟ್ರ ಹತ್ತಿರ ಕಳಿಸಿದರು.

ನಾನು ಹೋದಾಗ ಅವರ ಎದುರು ಇನ್ನೊಬ್ಬರು ಕೂತಿದ್ದರು. "ಮೇಷ್ಟ್ರೇ, ಪ್ಲ್ಯಾನಲ್ಲಿ ಸುತ್ತ ಜಾಗ ಬಿಟ್ಟಿರಂಗೆ ತೋರ್ಸಿ. ಕಟ್ಟೋವಾಗ ನೋಡ್ಕೊಳ್ಳಣ," ಎನ್ನುತ್ತಿದ್ದರು.

"ಹಂಗಾದ್ರೆ ನನ್ ಹತ್ರ ಯಾಕ್ ಬಂದ್ರಿ? ರಂಗೋಲಿ ಪುಸ್ತಕದಲ್ಲಿ ಒಂದು ಹಾಳೆ ಹರ್ಕೊಂಡು ಹೋಗಿ ಕೊಡಿ. ಅದೂ ಚೆನ್ನಾಗೇ ಇರ್ತದೆ."

ನನ್ನ ಕಾಗದಗಳನ್ನು ಅವರು ಬಹಳ ಹೊತ್ತು ನೋಡಿದರು. "ನಾಳೆ ಬೆಳಿಗ್ಗೆ ಆರೂವರೆಗೆ ಸೈಟ್ ಹತ್ರ ಬನ್ನಿ ಟೀಚರಮ್ಮ," ಎಂದರು ಅಷ್ಟೆ.

ಅವರದೊಂದು ಪದ್ಧತಿಯಿತ್ತು. ಕಾಗದ ಮುಟ್ಟುವ ಮೊದಲು ಸೈಟಿನ ನೆಲದ ಮೇಲೆಯೇ ಇಡೀ ಮನೆಯನ್ನು ಸುಣ್ಣದ ಪುಡಿಯಲ್ಲಿ ಬರೆಯುತ್ತಿದ್ದರು. ನಿಜವಾದ ಅಳತೆಗೆ, ಬಾಗಿಲು ಎಲ್ಲಿ, ಒಲೆ ಎಲ್ಲಿ, ಮಂಚ ಎಲ್ಲಿ ಎಂಬುದರ ಸಮೇತ. ಆಮೇಲೆ ಮನೆಯವರನ್ನು ಅದರೊಳಗೆ ಓಡಾಡಿಸುತ್ತಿದ್ದರು. ನಾನು ಹೋಗುವಷ್ಟರಲ್ಲಿ ನನ್ನ ಮನೆ ಬೆಳ್ಳಗೆ ನೆಲದ ಮೇಲೆ ಬಿದ್ದುಕೊಂಡಿತ್ತು.

"ಬನ್ನಿ, ಒಳಗ್ ಬನ್ನಿ. ಅಯ್ಯೋ, ಗೋಡೆ ದಾಟ್ಕೊಂಡು ಬಂದ್ಬಿಟ್ರಲ್ಲ! ಬಾಗ್ಲು ಈ ಕಡೆ."

ನಗುತ್ತಾ ಹಿಂದಕ್ಕೆ ಹೋಗಿ ಬಾಗಿಲಿನಿಂದ ಬಂದೆ.

"ಈಗ ಹಾಲು ಕಾಯ್ಸಿ. ಕಾಯ್ಸಿದ್ರಾ? ಲೋಟ ಹಿಡ್ಕೊಂಡು ಆಚೆ ಬಂದು ಕೂತ್ಕೊಳ್ಳಿ."

ಇಲ್ಲದ ಲೋಟ ಹಿಡಿದು, ಇಲ್ಲದ ವೆರಾಂಡಾದಲ್ಲಿ, ರಸ್ತೆಗೆ ಮುಖಮಾಡಿ ನಿಂತೆ. ಎಪ್ಪತ್ತರ ಹತ್ತಿರದ ಹೆಂಗಸು, ಮಕ್ಕಳಂತೆ ಮನೆಯಾಟ ಆಡುತ್ತಿದ್ದೆ. ಅಷ್ಟರಲ್ಲಿ ಎದುರುಮನೆಯ ಟ್ಯಾಂಕಿನ ಹಿಂದಿನಿಂದ ಬಿಸಿಲು ನೇರ ಕಣ್ಣಿಗೆ ಹೊಡೆಯಿತು.

"ಪತ್ರದಲ್ಲಿ ರಸ್ತೆ ಯಾವ ದಿಕ್ಕಿಗಿದೆ ಅಂತ ಬರ್ದಿದೆ?" ಮೇಷ್ಟ್ರು ಮೆಲ್ಲಗೆ ಕೇಳಿದರು.

"ಉತ್ತರಕ್ಕೆ."

"ಸೂರ್ಯ ನಿಮ್ಮ ಪತ್ರ ಓದಿಲ್ಲ ಅನ್ಸುತ್ತೆ."

ಬ್ಯಾಗಿನಿಂದ ಸೈಟಿನ ಸ್ಕೆಚ್ ತೆಗೆದೆ. ಆ ಬಡಾವಣೆ ಮಾಡಿದವರು ಕೈಯಲ್ಲೇ ಬರೆದಿದ್ದ ಹಳೆಯ ಹಾಳೆ. "ನೋಡಿ, ರಸ್ತೆ ಮೇಲ್ಗಡೆ ಇದೆ. ನಾರ್ತ್ ಈಸ್ ಆಲ್ವೇಸ್ ಅಟ್ ದ ಟಾಪ್!" ಎಂದೆ. ಎಷ್ಟು ತಲೆಮಾರಿನ ಹುಡುಗಿಯರಿಗೆ ಉರು ಹೊಡೆಸಿದ ಪಾಠ!

ಅವರು ವಾದ ಮಾಡಲಿಲ್ಲ. ನನ್ನ ಕೈಲಿದ್ದ ಹಾಳೆಯನ್ನು ಹಾಗೆಯೇ ಕಾಲು ಸುತ್ತು ತಿರುಗಿಸಿದರು. ಎಲ್ಲವೂ ಸ್ಥಳಕ್ಕೆ ಕೂತಿತು. ಆ ಹಾಳೆ ಬರೆದವನು ಊರಿನ ಎಲ್ಲರ ಹಾಗೆ ರಸ್ತೆಯನ್ನು ಮೇಲಿಟ್ಟು ಬರೆದಿದ್ದ. ನಾನು ಸೈಟು ನೋಡಲು ಬಂದದ್ದು ಒಂದೇ ಸಲ, ಅದೂ ನಡುಮಧ್ಯಾಹ್ನ, ನೆತ್ತಿಯ ಮೇಲೆ ಬಿಸಿಲು, ಕೈಯಲ್ಲಿ ಕೊಡೆ.

"ಪತ್ರ ಬರೆಯೋರು ಹೀಗೆ ತಪ್ಪೋದು ಕಮ್ಮಿ. ಯಾರಾದ್ರೂ ತಿದ್ದಿಸಿದ್ರಾ?"

ಪತ್ರ ಬರಹಗಾರ "ಪೂರ್ವಕ್ಕೆ ರಸ್ತೆ" ಎಂದೇ ಬರೆದಿದ್ದ. ಅದನ್ನು ಹೊಡೆಸಿ, ನಾಲ್ಕೂ ದಿಕ್ಕು ಬದಲಾಯಿಸಿ, ಹೊಸದಾಗಿ ಟೈಪ್ ಮಾಡಿಸಿದವಳು ಈ ಜಿಯಾಗ್ರಫಿ ಮಿಸ್.

"ನಾನೇ," ಎಂದೆ.

ತಿದ್ದುಪಡಿ ಪತ್ರ ರಿಜಿಸ್ಟರ್ ಆಗಬೇಕು. ಅದಕ್ಕೆ ಮಾರಿದವರ ಸಹಿ ಬೇಕು. ಯಾರನ್ನು ಮೋಸಗಾತಿ ಎಂದಿದ್ದೆನೋ ಅವರದೇ. ಅವರು ಒಲ್ಲೆನೆಂದರೆ ಪರವಾನಗಿಯಿಲ್ಲ, ಮನೆಯಿಲ್ಲ. "ಕೊರಿಯರ್ ಮಾಡಿದರೆ?" ಎಂದು ಕೇಳಿದೆ. ಮೇಷ್ಟ್ರು ನನ್ನನ್ನು ಒಮ್ಮೆ ನೋಡಿ, "ನಾಡಿದ್ದು ಹೋಗಣ," ಎಂದರು.

ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ ಬೂದಿಗೆರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಏನು ಹೇಳಬೇಕೆಂದು ರಿಹರ್ಸ್ ಮಾಡುತ್ತಿದ್ದೆ. ಐ ಆ್ಯಮ್ ವೆರಿ ಸಾರಿ, ದೇರ್ ವಾಸ್ ಎ ಮಿಸ್‌ಅಂಡರ್‌ಸ್ಟ್ಯಾಂಡಿಂಗ್. ತುಟಿ ಅಲ್ಲಾಡುವುದು ಅವರಿಗೆ ಕಂಡಿರಬೇಕು.

"ಸಾರಿ ಅನ್ಬೇಡಿ ಟೀಚರಮ್ಮ. ಅದು ಬಸ್ಸಲ್ಲಿ ಕಾಲು ತುಳಿದಾಗ ಅನ್ನೋ ಮಾತು. ಕನ್ನಡದಲ್ಲೇ ಹೇಳಿ. ಸ್ವಲ್ಪ ಕಷ್ಟ ಆಗುತ್ತೆ, ಪರವಾಗಿಲ್ಲ."

ಆಕೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ನಮ್ಮ ಯಜಮಾನ್ರು ಹೋದ್ಮೇಲೆ ಒಬ್ಳೇ ಹೊಲ ನೋಡ್ಕೊಂಡಿವ್ನಿ. ಇಷ್ಟು ವರ್ಷಕ್ಕೆ ಯಾರೂ ನನ್ನ ಮೋಸಗಾತಿ ಅಂದಿಲ್ಲ," ಎಂದರು ಅವರೆಕಾಯಿಗೆ ಹೇಳುವಂತೆ.

ಮೇಷ್ಟ್ರು ಸಹಾಯಕ್ಕೆ ಬರಲಿಲ್ಲ. ಸೂರು ಎಷ್ಟು ಎತ್ತರವಿದೆ ಎಂದು ನೋಡುತ್ತಾ ನಿಂತರು.

"ತಪ್ಪು ನಂದೇ ಕಣಮ್ಮ," ಎಂದೆ. "ಸರಿಯಾಗಿ ಬರೆದಿದ್ದನ್ನ ನಾನೇ ತಪ್ಪಾಗಿ ತಿದ್ದಿಸ್ದೆ. ಆಮೇಲೆ ನಿಮ್ಮನ್ನ ಬೈದೆ. ನನ್ನನ್ನ ಕ್ಷಮಿಸ್ಬೇಕು." ಅಷ್ಟು ಹೇಳಿ ಅವರ ಪಕ್ಕ ಜಗಲಿಯ ಮೇಲೆ ಕೂತೇಬಿಟ್ಟೆ.

"ಸೂರ್ಯ ಎಲ್ಲಿ ಹುಟ್ತಾನೆ ಅಂತ ನಮ್ಮ ಕೋಳಿಗೂ ಗೊತ್ತು," ಎಂದರು ಆಕೆ. ಆಮೇಲೆ ಮೊರವನ್ನು ನನ್ನ ಕಡೆ ಸರಿಸಿದರು. "ಸುಲೀರಿ. ಊಟ ಮಾಡ್ಕೊಂಡು ಹೋಗೀರಂತೆ."

ಮರುವಾರ ಅವರೇ ದೊಡ್ಡಬಳ್ಳಾಪುರಕ್ಕೆ ಬಂದು ಸಹಿ ಹಾಕಿದರು. ಪ್ಲ್ಯಾನ್ ಸ್ಯಾಂಕ್ಷನ್ ಆಯಿತು. ಯುಗಾದಿಗೆ ಪಾಯ ಮಾತ್ರ ಮುಗಿದಿತ್ತು. ಸ್ಯಾಂಕ್ಷನ್ ಕಾಗದ ತೋರಿಸಿದ್ದಕ್ಕೆ ಬಾಡಿಗೆ ಮನೆಯ ಯಜಮಾನರು ದೀಪಾವಳಿವರೆಗೂ ಇರಿ ಎಂದರು. ಗೃಹಪ್ರವೇಶದ ದಿನ ಮೇಷ್ಟ್ರು ಟೇಪು ತಂದು ಸುತ್ತ ಬಿಟ್ಟ ಜಾಗ ಅಳೆದರು. ಸರಿಯಿದೆ ಎಂದಮೇಲೆಯೇ ಊಟಕ್ಕೆ ಕೂತರು.

ಹೋದ ವರ್ಷ ಅವರು ಹೋಗಿಬಿಟ್ಟರು. ಬೆಳಿಗ್ಗೆ ಕಾಫಿ ಕುಡಿದು, ಪೆನ್ಸಿಲ್ ಹೆರೆಯುತ್ತಾ ಕೂತಲ್ಲೇ. ಹನ್ನೊಂದನೆಯ ದಿನದ ತಿಥಿ ಊಟಕ್ಕೆ ಬೂದಿಗೆರೆಯಾಕೆಯೂ ಬಂದಿದ್ದರು. ಪಂಕ್ತಿಯಲ್ಲಿ ಪಕ್ಕಪಕ್ಕ ಕೂತೆವು. ಅವತ್ತು ನೀವು ಸಹಿ ಹಾಕದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದೆ.

"ನೀವು ಬರೋ ಮುಂಚೆನೇ ಒಪ್ಕೊಂಡಿದ್ನಲ್ಲ," ಎಂದರು ಆಕೆ. "ಹಿಂದಿನ್ ದಿನ ಮೇಷ್ಟ್ರು ಒಬ್ರೇ ಬಂದು ಎಲ್ಲ ಹೇಳಿದ್ರು. ಆಯ್ತು, ಹಾಕ್ತೀನಿ, ಆಯಮ್ಮ ಬರೋದೇನೂ ಬ್ಯಾಡ ಅಂದೆ. ಇಲ್ಲ, ಕರ್ಕೊಂಡ್ ಬರ್ತೀನಿ, ಒಂದ್ ಮಾತು ಅವರ ಬಾಯಿಂದಾನೇ ಬರ್ಲಿ ಅಂದ್ರು. ಇಲ್ದಿದ್ರೆ ಆ ಮನೇಲಿ ಅವರಿಗೆ ನಿದ್ದೆ ಹತ್ತಲ್ಲ ಅಂದ್ರು."

ಎಲೆಯ ಮೇಲೆ ಅನ್ನ ಆರುತ್ತಿತ್ತು. ಎಷ್ಟೋ ಹೊತ್ತು ಕೈ ಹಾಕಲಾಗಲಿಲ್ಲ.

ಆ ಮನೆಯಲ್ಲಿ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ.