ಅಪ್ಪನ ಪ್ರಾರ್ಥನೆ ಡಿಲೀಟ್ ಆದ ಭಾನುವಾರ

ಕಳೆದ ತಿಂಗಳ ಒಂದು ಭಾನುವಾರ, ಭಾಲ್ಕಿಯ ನಮ್ಮ ಮನೆಯಲ್ಲಿ ಪ್ರಾರ್ಥನೆ ಡಿಲೀಟ್ ಆಯಿತು.

ಹೌದು, ಸರಿಯಾಗಿಯೇ ಓದಿದಿರಿ. ಮರೆತುಹೋಗಲಿಲ್ಲ, ತಪ್ಪಿಹೋಗಲಿಲ್ಲ. ಡಿಲೀಟ್ ಆಯಿತು. ಮಾಡಿದ್ದು ನಮ್ಮ ಅವ್ವ. ಮಾಡಲು ದಾರಿ ತೋರಿಸಿದ್ದು ಬೀದರಿನಲ್ಲಿ ಕೂತು ಇಂಥ ಅಂಕಣ ಬರೆಯುವ ನಾನು.

ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದೆವು. ತಟ್ಟೆಗೆ ಬಡಿಸಿಯಾಗಿತ್ತು. ಅವ್ವ ಎಂದಿನಂತೆ ತನ್ನ ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ನಿಲ್ಲಿಸಿದಳು. ಬೆರಳಿನಿಂದ ಮೇಲಕ್ಕೆ ಎಳೆದಳು, ಕೆಳಕ್ಕೆ ಎಳೆದಳು. ಕನ್ನಡಕ ಹಾಕಿಕೊಂಡು ಮತ್ತೆ ಎಳೆದಳು.

"ಇಲ್ಲೇ ಇತ್ತಲ್ಲ, ಎಲ್ಲಿ ಹೋಯ್ತು?"

ಎದುರಿಗೆ ಅಪ್ಪ ಆಗಲೇ ಕಣ್ಣು ಮುಚ್ಚಿ ತಲೆ ಬಾಗಿಸಿದ್ದರು. ತಮ್ಮದೇ ಧ್ವನಿ ಕೇಳಲು ಕಾಯುತ್ತಿದ್ದರು.

ಇದು ಅರ್ಥವಾಗಬೇಕಾದರೆ ನಿಮಗೆ ಅಪ್ಪನ ಧ್ವನಿಯ ಬಗ್ಗೆ ಹೇಳಬೇಕು. ಅಪ್ಪ ನಿವೃತ್ತ ಶಾಲಾ ಮಾಸ್ತರರು. ಅವರು ಒಂದನೇ ತರಗತಿಗೆ ಮಗ್ಗಿ ಹೇಳಿಸಿದರೆ ಪಕ್ಕದ ಕೋಣೆಯ ಏಳನೇ ತರಗತಿಯವರೂ ದನಿಗೂಡಿಸುತ್ತಿದ್ದರಂತೆ. ಮನೆಯಲ್ಲಿ ಊಟದ ಮುಂಚಿನ ಪ್ರಾರ್ಥನೆ ಅವರದೇ ಖಾತೆ. ಬೇರೆ ಮನೆಗಳಲ್ಲಿ ಅದು ಒಂದು ಸಾಲು. ನಮ್ಮಲ್ಲಿ ಮೆರವಣಿಗೆ. ಜೋಳ ಬಿತ್ತಿದವರು, ರಾಶಿ ಮಾಡಿದವರು, ಗಿರಣಿಯಲ್ಲಿ ಹಿಟ್ಟು ಬೀಸಿದವರು, ರೊಟ್ಟಿ ಬಡಿದವರು, ಹಾಲು ತಂದವರು, ಕೊನೆಗೆ ನಮ್ಮೂರ ಬಸ್ಸಿನ ಡ್ರೈವರ್, ಎಲ್ಲರಿಗೂ ಒಂದೊಂದು ಆಶೀರ್ವಾದ. ಚಿಕ್ಕವರಿದ್ದಾಗ ನಾವು ಒಂದು ಕಣ್ಣು ತೆರೆದು ಪಲ್ಯ ನೋಡುತ್ತಿದ್ದೆವು.

ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ದೇವರ ದಯೆ, ಅಪ್ಪ ಉಳಿದರು, ಗುಣವಾದರು. ಧ್ವನಿ ಮಾತ್ರ ಒಡೆಯಿತು. "ಮಾತಾಡ್ತಾ ಇದ್ರ ಸುಧಾರಿಸ್ತದ್ರಿ, ಮೊದಲಿನಂಗ ಆಗಲಿಕ್ಕಿಲ್ಲ, ಆದ್ರ ಸುಮ್ಮನ ಕೂಡಬ್ಯಾಡ್ರಿ" ಅಂದರು ಡಾಕ್ಟರು. ಅಪ್ಪ ಒಂದು ದಿನ ಧೈರ್ಯ ಮಾಡಿ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಫೋನ್ ಎತ್ತಿದರು. ಆತ ಆ ಕಡೆಯಿಂದ, "ಯಾರ್ರೀ ಮಾತಾಡೋದು? ಮಾಸ್ತರಿಗಿ ಕೊಡ್ರಿ" ಅಂದ.

ಅಷ್ಟೇ. ಅಂದಿನಿಂದ ಅಪ್ಪ ಮಾತು ನಿಲ್ಲಿಸಿಬಿಟ್ಟರು. ಬೇಕಾದ್ದಕ್ಕೆ ಕೈಸನ್ನೆ. ಚರ್ಚಿನಲ್ಲಿ ಹಾಡುವಾಗ ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಊಟದ ಪ್ರಾರ್ಥನೆಗೆ ಅವ್ವನೇ ಒಂದು ಉಪಾಯ ಹುಡುಕಿದಳು. ಆಪರೇಷನ್ನಿಗೆ ಮುಂಚಿನ ಕ್ರಿಸ್‌ಮಸ್ ಊಟದಲ್ಲಿ ನಾನು ಸುಮ್ಮನೆ ಒಂದು ವಿಡಿಯೋ ತೆಗೆದಿದ್ದೆ. ಅದರಲ್ಲಿ ಅಪ್ಪನ ಮೆರವಣಿಗೆ ಪೂರ್ತಿ ಇದೆ. ಗಿರಣಿಯವರ ತನಕ ಬರುವಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ. ಹಿಂದಿನಿಂದ ಅವ್ವನ ದನಿ: "ಆಮೆನ್ ಅನ್ರಿ ಇನ್ನ, ಸಾರು ಆರ್ಲತ್ತದ!"

ಪ್ರತಿ ಭಾನುವಾರ ಆ ವಿಡಿಯೋ ತಂಬಿಗೆಗೆ ಒರಗುತ್ತಿತ್ತು. ಅಪ್ಪನ ಧ್ವನಿ ಅಪ್ಪನ ಪರವಾಗಿ ಪ್ರಾರ್ಥಿಸುತ್ತಿತ್ತು. ಅಪ್ಪ ತಲೆ ಬಾಗಿಸಿ ಕೇಳುತ್ತಿದ್ದರು. ನೋಡುವವರಿಗೆ ವಿಚಿತ್ರ ಅನಿಸಬಹುದು. ನಮಗೆ ಅದೇ ದೊಡ್ಡ ಸಮಾಧಾನವಾಗಿತ್ತು.

ಈಗ ಕ್ಲೌಡ್ ಕಥೆಗೆ ಬರೋಣ.

ಅವ್ವನ ಹಳೆಯ ಫೋನು ನೆಲ ಒರೆಸುವ ಬಕೆಟ್ಟಿಗೆ ಬಿದ್ದು ಪ್ರಾಣ ಬಿಟ್ಟಿತ್ತು. ಆಗ ನನಗೆ ಹೆದರಿಕೆ ಹತ್ತಿತು. ನಾಳೆ ನನ್ನ ಫೋನೂ ಹೋದರೆ? ಹೊಸ ಫೋನು ಕೊಡಿಸಿದ ದಿನವೇ ಎಲ್ಲವನ್ನೂ ಕ್ಲೌಡಿಗೆ ಏರಿಸಿಬಿಡೋಣ ಎಂದು ಭಾಲ್ಕಿಯಲ್ಲಿ ಕೂತೆ. ಅವ್ವನದು, ಅಪ್ಪನದು, ನನ್ನದು, ಎಲ್ಲ ಫೋನಿಗೂ ಒಂದೇ ಅಕೌಂಟ್. (ಬೇರೆ ಬೇರೆ ಪಾಸ್‌ವರ್ಡ್ ಯಾರು ನೆನಪಿಟ್ಟುಕೊಳ್ಳಬೇಕು? ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ನಿಜ ಹೇಳಿ.) ಓಟಿಪಿ ಅಪ್ಪನ ಫೋನಿಗೆ ಹೋಗುತ್ತಿತ್ತು, ಅಪ್ಪನ ಫೋನು ಅಲಮಾರಿಯಲ್ಲಿ ಇರುತ್ತಿತ್ತು, ಅಲಮಾರಿಯ ಕೀಲಿ ಅವ್ವನ ಸೊಂಟದಲ್ಲಿ ಇರುತ್ತಿತ್ತು. ಅಂತೂ ಸಿಂಕ್ ಆಯಿತು. ನನ್ನ ಫೋನಿನಲ್ಲಿ 'ಜಾಗ ಖಾಲಿ ಮಾಡಲೇ?' ಎಂಬ ಬಟನ್ ಕಂಡಿತು. ಖುಷಿಯಿಂದ ಒತ್ತಿದೆ. ಎಲ್ಲ ಮೇಲೆ ಇದೆಯಲ್ಲ, ಕೆಳಗೆ ಯಾಕೆ ಭಾರ?

ಆಮೇಲೆ ದೊಡ್ಡ ಪಂಡಿತಳ ಹಾಗೆ ಅವ್ವನಿಗೆ ಪಾಠ ಹೇಳಿದೆ. "ಅವ್ವಾ, ಇನ್ನ ಚಿಂತಿ ಮಾಡಬ್ಯಾಡ. ಎಲ್ಲಾ ಮ್ಯಾಲ ಕ್ಲೌಡಿನ್ಯಾಗ ಅದ. ಫೋನಿನ್ಯಾಗಿಂದು ಇದ್ರೇನು, ಹೋದ್ರೇನು?"

ಅವ್ವ ನಿವೃತ್ತ ನರ್ಸ್. ಹೇಳಿದ ಮಾತನ್ನು ಹೇಳಿದ ಹಾಗೆಯೇ ಪಾಲಿಸುವುದು ಅವಳ ವೃತ್ತಿಧರ್ಮ.

ನಮ್ಮಂಥ ಮನೆಗಳಲ್ಲಿ ಶನಿವಾರ ಎಂದರೆ ಸ್ವಚ್ಛತೆ. ಭಾನುವಾರ ಆರಾಧನೆಯ ದಿನ, ಅಂದು ಮನೆಯಲ್ಲಿ ಹೆಚ್ಚಿನ ಕೆಲಸ ಇಟ್ಟುಕೊಳ್ಳಬಾರದು. ಹಾಗಾಗಿ ಶನಿವಾರವೇ ನೆಲ ತೊಳೆದು, ಜೇಡರ ಬಲೆ ತೆಗೆದು, ಭಾಂಡೆ ಬೆಳಗಿ, ಬಟ್ಟೆಗೆ ಇಸ್ತ್ರಿ ಹೊಡೆದು ಮುಗಿಸಬೇಕು. ಆ ಶನಿವಾರ ಅವ್ವನ ಪೊರಕೆ ಫೋನಿಗೂ ಹೋಯಿತು. ನೋಡಿದರೆ ಏನಿದೆ ಅಲ್ಲಿ? ಒಂದೇ ಅಕೌಂಟ್ ತಾನೇ, ನನ್ನ ಫೋನಿನ ಕಸವೆಲ್ಲ ಅವಳ ಫೋನಿಗೆ ಬಂದು ಬಿದ್ದಿದೆ. ಕರೆಂಟ್ ಬಿಲ್ಲಿನ ಫೋಟೋ, ಯಾವುದೋ ಸೀರೆಯ ಆಫರ್, ಸ್ಕ್ರೀನ್‌ಶಾಟುಗಳು, ಗುಡ್ ಮಾರ್ನಿಂಗ್ ಗುಲಾಬಿಗಳು. ಹೇಗೂ ಎಲ್ಲ ಮೇಲೆ ಭದ್ರವಾಗಿದೆ ಎಂದು ಮಗಳೇ ಹೇಳಿದ್ದಾಳೆ. ಅವ್ವ ಎಲ್ಲವನ್ನೂ ಆರಿಸಿ ಅಳಿಸಿದಳು, ಆ ಕಸದ ಜೊತೆ ಅಪ್ಪನ ವಿಡಿಯೋವೂ ಹೋಯಿತು.

ಅಳಿಸಿದ್ದು ಬಿನ್ ಎಂಬ ಕಸದ ಬುಟ್ಟಿಯಲ್ಲಿ ಕೆಲವು ದಿನ ಉಳಿದಿರುತ್ತದೆ, ವಾಪಸ್ ತೆಗೆಯಬಹುದು. ಇದು ನಿಮಗೆ ಗೊತ್ತು. ನನಗೂ ಗೊತ್ತು. ಭಾನುವಾರ ಊಟದ ತಟ್ಟೆಯ ಮುಂದೆ ಫೋನ್ ಕಸಿದುಕೊಂಡು ನಾನು ಮೊದಲು ನೋಡಿದ್ದೇ ಅಲ್ಲಿ. ಬುಟ್ಟಿ ಖಾಲಿ!

"ಅವ್ವಾ, ಬಿನ್ ಯಾಕ ಖಾಲಿ ಮಾಡ್ದಿ?"

"ಮತ್ತ? ಕಸದ ಬುಟ್ಟಿ ತುಂಬಿಟ್ಟು ಯಾರರ ಮಲಗ್ತಾರೇನು? ವಾರ್ಡಿನ್ಯಾಗ ಹಂಗ ಬಿಟ್ಟಿದ್ರ ನನ್ನ ಕೆಲಸದಿಂದ ತೆಗೀತಿದ್ರು!"

ಅವಳು ಒಂದೂ ತಪ್ಪು ಮಾಡಿರಲಿಲ್ಲ. ನಾನು ಹೇಳಿದ್ದನ್ನು ನಂಬಿ ತಾನು ಜೀವನಪೂರ್ತಿ ಮಾಡಿಕೊಂಡು ಬಂದದ್ದನ್ನು ಮಾಡಿದ್ದಳು. ನನ್ನ ಫೋನು ತೆಗೆದೆ, ಇಲ್ಲ. ಅಪ್ಪನ ಫೋನು ತೆಗೆದೆ, ಇಲ್ಲ. ಸಹಾಯದ ಪುಟ ಓದಿದೆ. ಬುಟ್ಟಿ ಖಾಲಿ ಮಾಡಿದ ಮೇಲೆ ಮುಗಿಯಿತು ಎಂದು ಅದು ಬಹಳ ಸಭ್ಯವಾಗಿ ತಿಳಿಸಿತು.

ಆಗ ಬುದ್ಧಿ ಬಂತು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎಂದರೆ ಒಂದು ಕಡೆ ಮಾಡಿದ್ದು ಎಲ್ಲ ಕಡೆಯೂ ಆಗುವುದು. ಇಲ್ಲಿ ಇಟ್ಟರೆ ಅಲ್ಲೂ ಇರುತ್ತದೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಬ್ಯಾಕಪ್ ಎಂದರೆ ನಮ್ಮ ಕೈ ತಪ್ಪು ಮಾಡಿದರೂ ತಲುಪಲಾರದ ಜಾಗದಲ್ಲಿ ಇನ್ನೊಂದು ಪ್ರತಿ. ನಾನು ಮೂರು ಬಾಗಿಲಿಗೆ ಒಂದೇ ಕೀಲಿ ಮಾಡಿಸಿ, ಮನೆ ಭದ್ರವಾಯಿತು ಅಂದುಕೊಂಡಿದ್ದೆ.

ಅಪ್ಪ ಕಣ್ಣು ತೆರೆದರು. ವಿಷಯ ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅವ್ವನ ಭುಜದ ಮೇಲೆ ಕೈ ಇಟ್ಟು, ಇರಲಿ ಬಿಡು ಎಂದು ಸನ್ನೆ ಮಾಡಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು "ಸ್ತೋತ್ರ ಕರ್ತನೇ, ಆಮೆನ್" ಅಂದಳು. ನಮ್ಮ ಮನೆಯ ಇತಿಹಾಸದಲ್ಲೇ ಅತಿ ಚಿಕ್ಕ ಪ್ರಾರ್ಥನೆ. ರೊಟ್ಟಿ ಅರ್ಧರ್ಧ ತಟ್ಟೆಯಲ್ಲೇ ಉಳಿಯಿತು. ನನಗಂತೂ ನನ್ನ ಮೇಲೆಯೇ ಸಿಟ್ಟು ಬಂದಿತ್ತು.

ಭಾಂಡೆ ತೊಳೆಯುವಾಗ ಅವ್ವ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಖೈರುನಗ ಕಳಿಸಿದ್ದೆ ನಾ. ಕ್ರಿಸ್‌ಮಸ್ ದಿನಾನೇ ಕಳಿಸಿದ್ದೆ!"

ಖೈರುನ್ ಖಾಲಾ (ಖಾಲಾ ಅಂದರೆ ಚಿಕ್ಕಮ್ಮ) ಅವ್ವನ ಜೊತೆ ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಭಾಲ್ಕಿಯಲ್ಲಿ ನಮ್ಮ ಗೋಡೆಗೆ ಅಂಟಿದ ಮನೆ ಅವರದು. ಆ ಗೋಡೆಯ ಮೇಲಿಂದ ಏನೇನು ದಾಟಿದೆಯೋ ಲೆಕ್ಕವಿಲ್ಲ. ಈದ್ ಹಬ್ಬದ ಶೀರ್‌ಖುರ್ಮಾ ಈಚೆಗೆ, ಕ್ರಿಸ್‌ಮಸ್ಸಿನ ಕರಜಿಕಾಯಿ ಆಚೆಗೆ, ಮೊಸರಿನ ಹೆಪ್ಪು ಎರಡೂ ಕಡೆಗೆ. ನಿವೃತ್ತಿಯ ನಂತರ ಅವರು ಔರಾದಿನಲ್ಲಿ ಮಗಳ ಮನೆ ಸೇರಿದರು. ನಾವು ಹೋಗುತ್ತೇವೆ, ಹೋಗುತ್ತೇವೆ ಅನ್ನುತ್ತಲೇ ಇದ್ದೆವು, ಹೋಗಿರಲಿಲ್ಲ.

ಫೋನ್ ಹಚ್ಚಿದೆವು. ಅಲ್ಲಿಂದ ಸ್ಪೀಕರ್ ಹಾಕುವ ಅಗತ್ಯವೇ ಇಲ್ಲದ ದನಿ ಬಂತು.

"ಮಾಸ್ತರಸಾಬ್‌ದು ದುವಾ ಏನು? ಅದ, ಅದ! ನನ್ನ ಫೋನಿನ್ಯಾಗ ಅದ."

"ಖಾಲಾ, ಈಗಿಂದೀಗ ಫಾರ್ವರ್ಡ್ ಮಾಡ್ರಿ," ಅಂದೆ ಆತುರದಿಂದ.

"ನಕ್ಕೋ. ಹಂಗ ಕೊಡೋದಿಲ್ಲ. ಮೂರೂ ಮಂದಿ ಔರಾದಿಗಿ ಬರ್ರಿ. ಉಣ್ರಿ. ಆಮ್ಯಾಲ ತಗೊಂಡು ಹೋಗ್ರಿ."

"ಖಾಲಾ, ಅಷ್ಟೊತ್ತಿಗಿ ನಿಮ್ಮ ಫೋನ್ ಏನರ ಆದ್ರ?"

"ಅರೆ ಬೇಟಾ, ನನ್ನ ಮಗಳಿಗಿ, ನನ್ನ ಇಬ್ಬರು ಅಕ್ಕಂದಿರಿಗಿ, ಎಲ್ಲಾರಿಗೂ ಕಳಿಸಿದ್ದೇನಿ. ಎಲ್ಲಿ ಹೋಗ್ತದ ಅದು?"

ಹೀಗೆ ಒಂದು ಶನಿವಾರ ಅವ್ವ ತನ್ನ ಸ್ವಚ್ಛತಾ ಕಾರ್ಯಕ್ರಮವನ್ನು ಮೊದಲ ಬಾರಿಗೆ ರದ್ದು ಮಾಡಿದಳು. ಅಪ್ಪ, ಅವ್ವ ಭಾಲ್ಕಿಯಿಂದ ಬೀದರಿಗೆ ಬಂದರು. ಮೂವರೂ ಔರಾದಿನ ಬಸ್ಸು ಹತ್ತಿದೆವು. ಅವ್ವ ದಾರಿಯುದ್ದಕ್ಕೂ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಅದನ್ನು ಮುಟ್ಟಲೂ ಹೆದರುತ್ತಿದ್ದಳು. ಸಂತಪುರದಲ್ಲಿ ಬಸ್ಸು ನಿಂತಾಗ ಅಪ್ಪ ಕಿಟಕಿಯಿಂದ ತೊಗರಿ ಹೊಲ ತೋರಿಸಿದರು. ಏನೋ ಹೇಳಲು ಬಾಯಿ ತೆರೆದು, ಸುತ್ತ ಜನ ನೋಡಿ, ಸುಮ್ಮನಾದರು.

ಖಾಲಾ ನೆಲದ ಮೇಲೆ ಊಟದ ಬಟ್ಟೆ, ದಸ್ತರಖಾನ್, ಹಾಸಿ ಕಾಯುತ್ತಿದ್ದರು. ಮಸಾಲೆ ಅನ್ನದ ಬಗಾರಾ ಖಾನಾ, ಬೇಳೆಯ ದಾಲ್ಚಾ, ನಮಗೆಂದೇ ಬಿಸಿ ಜೋಳದ ರೊಟ್ಟಿ, ಒಂದು ದೊಡ್ಡ ಬೋಗುಣಿಯಲ್ಲಿ ಮೊಸರು. ಎಲ್ಲರೂ ಕೂತೆವು. ಅವ್ವ ಅಭ್ಯಾಸಬಲದಿಂದ ನೀರಿನ ತಂಬಿಗೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು, ಖಾಲಾನ ಫೋನಿಗೆ ಕೈ ಚಾಚಿದಳು.

"ಖೈರುನ್, ಅದೊಂದು ಹಚ್ಚಿಬಿಡು. ಉಣ್ಣಬೇಕಲ್ಲ."

ಖಾಲಾ ಫೋನನ್ನು ಹಿಂದಕ್ಕೆ ಎಳೆದುಕೊಂಡರು.

"ಮನಷ್ಯಾರೇ ಎದುರಿಗಿ ಕೂತಾರ, ವಿಡಿಯೋ ಯಾಕ ಬೇಕು? ಮಾಸ್ತರಸಾಬ್, ಇಷ್ಟು ವರ್ಷ ಗ್ವಾಡಿ ಆಚಿ ಕಡಿಂದ ನಿಮ್ಮ ದುವಾ ಕೇಳಿ ನಾ ಅನ್ನಕ್ಕಿಡ್ತಿದ್ದೆ. ಇವತ್ತು ಗ್ವಾಡಿ ಇಲ್ಲ. ನೀವೇ ಹೇಳ್ರಿ."

ಅವ್ವ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ. ಯಾರಾದರೂ ಏನಾದರೂ ಮಾತಾಡಿ ಇದನ್ನು ದಾಟಿಸಲಿ ಅನಿಸಿತು. ಅಪ್ಪ ನೀರು ಕುಡಿದರು. ಕೆಮ್ಮಿದರು. ಕಣ್ಣು ಮುಚ್ಚಿದರು.

"ಕರ್ತನೇ," ಅಂದರು.

ಒಡೆದ ಧ್ವನಿ. ಒಣಗಿದ ಜೋಳದ ಕಣಿಕೆ ತಿಕ್ಕಿದಂಥ ಸದ್ದು. ನಮ್ಮ ಅಪ್ಪನದು ಅನಿಸಲೇ ಇಲ್ಲ. ಆದರೆ ಮುಂದೆ ಬಂದ ಮೆರವಣಿಗೆ ಅಪ್ಪನದೇ. ಬಿತ್ತಿದವರು ಬಂದರು. ರಾಶಿ ಮಾಡಿದವರು ಬಂದರು. ಗಿರಣಿಯವರ ಹತ್ತಿರ ಧ್ವನಿ ಪೂರಾ ನಿಂತುಹೋಯಿತು. ಅಪ್ಪ ಇನ್ನೊಂದು ಗುಟುಕು ನೀರು ಕುಡಿದು ಗಿರಣಿಯವರನ್ನೂ ದಾಟಿಸಿದರು. ಬಸ್ಸಿನ ಡ್ರೈವರನ್ನೂ ಬಿಡಲಿಲ್ಲ. ಡಾಕ್ಟರು ಹೊಸದಾಗಿ ಸೇರಿದ್ದರು. ಕೊನೆಗೆ, "ನನ್ನ ಧ್ವನಿ ತಮ್ಮ ಮನ್ಯಾಗ ಜ್ವಾಕಿ ಮಾಡಿ ಇಟ್ಕೊಂಡ ಈ ತಂಗಿಗೂ" ಅಂದರು.

ದಾಲ್ಚಾ ತಣ್ಣಗಾಯಿತು. ಅವ್ವ ಅವಸರ ಮಾಡಲಿಲ್ಲ. ಅಪ್ಪ ತಾವಾಗಿಯೇ ಮುಗಿಸುವ ತನಕ ಕಾದು, ಎಲ್ಲರಿಗಿಂತ ಜೋರಾಗಿ ಆಮೆನ್ ಅಂದಳು. ನಾನು ಅತ್ತೆ. ನಾಚಿಕೆ ಏನು ಬಂತು?

ಇಷ್ಟೆಲ್ಲ ಆಗುವಾಗ ರೆಕಾರ್ಡ್ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. (ಕ್ಲೌಡ್ ಪಂಡಿತಳು!) ಖಾಲಾ ಮಾಡಿದ್ದರು. ಅರ್ಧ ಚಿತ್ರದಲ್ಲಿ ಅವರ ಹೆಬ್ಬೆರಳಿದೆ, ಆದರೆ ಧ್ವನಿ ಪೂರ್ತಿ ಇದೆ. ಹಳೆಯದು, ಹೊಸದು ಎರಡನ್ನೂ ಕಳಿಸಿಕೊಟ್ಟರು.

ಅವ್ವ ಕೊನೆಗೆ ಅನ್ನಕ್ಕೆ ಮೊಸರು ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟು ಕೈ ತಡೆದಳು.

"ಖೈರುನ್, ಈ ಮೊಸರು..."

"ನಿಂದೇ ಹೆಪ್ಪು. ಭಾಲ್ಕಿ ಬಿಡಾಗ ಡಬ್ಬಿನ್ಯಾಗ ತಂದಿದ್ದೆ. ಇನ್ನಾ ನಡಸ್ಲತ್ತೀನಿ."

ಅವ್ವನ ಸ್ವಂತ ಹೆಪ್ಪು ಎಂದೋ ಹೋಗಿತ್ತು. ಅಪ್ಪನ ಆಪರೇಷನ್ನಿಗೆ ಮನೆ ಬೀಗ ಹಾಕಿ ಆಸ್ಪತ್ರೆಯಲ್ಲಿ ಕೂತಿದ್ದಾಗ ಕೆಟ್ಟು ಹೋಗಿತ್ತು, ಅಂದಿನಿಂದ ಪ್ಯಾಕೆಟ್ ಮೊಸರು. ಆ ದಿನ ಬೀದರಿನ ಬಸ್ಸಿನಲ್ಲಿ ಅವಳ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಹೆಪ್ಪಿನ ಸ್ಟೀಲ್ ಡಬ್ಬಿ.

ಕ್ಲೌಡ್ ಬೇಡ ಅನ್ನುತ್ತಿಲ್ಲ, ತಪ್ಪು ತಿಳಿಯಬೇಡಿ. ಅದು ಬೇಕು. ಆ ವಾರವೇ ಮೂವರಿಗೂ ಬೇರೆ ಬೇರೆ ಅಕೌಂಟ್ ಮಾಡಿದೆ. ಒಂದು ಹಾರ್ಡ್‌ಡಿಸ್ಕ್ ಕೊಂಡು ಎಲ್ಲವನ್ನೂ ಅದಕ್ಕೂ ಇಳಿಸಿ ನನ್ನ ಬೀರುವಿನಲ್ಲಿಟ್ಟೆ. ಅಷ್ಟಾದರೂ ನಂಬಿಕೆ ಸಾಲದೆ ಪ್ರತಿಯೊಂದು ಮುಖ್ಯ ವಿಡಿಯೋವನ್ನು ಔರಾದಿಗೂ ಕಳಿಸುತ್ತೇನೆ. ಅಪ್ಪ ಈಗ ಭಾನುವಾರ ತಾವೇ ಪ್ರಾರ್ಥಿಸುತ್ತಾರೆ. ಹೋದ ವಾರ ಗಿರಣಿಯವರ ಹತ್ತಿರ ನಿಲ್ಲದೆ ದಾಟಿದರು. ಹಳೆಯ ವಿದ್ಯಾರ್ಥಿಗೆ ತಾವಾಗಿಯೇ ಫೋನ್ ಮಾಡಿ, "ಮಾಸ್ತರಾನೇ ಮಾತಾಡ್ಲತ್ತೀನೋ" ಅಂದರಂತೆ. ಮೊನ್ನೆ ಅವ್ವನ ಬಾಯಿಂದ ಆ ಮಾತೂ ಮತ್ತೆ ಬಂತು, "ಆಮೆನ್ ಅನ್ರಿ ಇನ್ನ, ಸಾರು ಆರ್ಲತ್ತದ." ಅದನ್ನು ಕೇಳಿ ಅಪ್ಪ ಇನ್ನೂ ಇಬ್ಬರನ್ನು ಪ್ರಾರ್ಥನೆಗೆ ಸೇರಿಸಿದರು.

ಅದಿರಲಿ, ನಿಮ್ಮ ಮನೆಯ ಹೆಪ್ಪು ಈಗ ಯಾರ ಮನೆಯಲ್ಲಿದೆ?