ಹೇಳಿ ಬದಲ್ ಮಾಡ್ರಿ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಬಿಲ್ಲು ಮಾಡುತ್ತಿದ್ದಾಗ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರೊಬ್ಬರಿದ್ದರು. ಮುಖ್ಯವಾದ ಯಾವ ಫೈಲು ಬದಲಾದರೂ ಅವರ ಪರದೆಯಲ್ಲಿ ಕೆಂಪು ಸೂಚನೆ ಬರುತ್ತಿತ್ತು. ಕೂಡಲೇ ಕನ್ನಡಕವನ್ನು ಹಣೆಗೇರಿಸಿ ಮೇಜಿನಿಂದ ಮೇಜಿಗೆ ಬರುತ್ತಿದ್ದರು.

"ಇದನ್ನ ನೀವ ಬದಲ್ ಮಾಡೀರೇನ್ರಿ?"

ಹೌದೆಂದರೆ, ಯಾಕೆಂದು ಕೇಳಿಕೊಂಡು ಹೊಸದನ್ನೇ ಸರಿಯೆಂದು ಗುರುತು ಹಾಕುತ್ತಿದ್ದರು. "ಬದಲ್ ಮಾಡೋದು ತಪ್ಪಲ್ರಿ. ಹೇಳಿ ಮಾಡ್ರಿ."

ಒಂದು ಬೆಳಿಗ್ಗೆ ಸೋನಾ ಮಸೂರಿಯ ದರದ ಫೈಲು ಬದಲಾಗಿತ್ತು. ನಾವ್ಯಾರೂ ಮುಟ್ಟಿರಲಿಲ್ಲ. ಅವರು ಹಳೆಯ ದರವನ್ನೇ ಮರಳಿ ಹಾಕಿ ಬಿಲ್ಲು ನಿಲ್ಲಿಸಿದರು. ಹೊರಗೆ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಗಿರಣಿಯ ಸಾಹುಕಾರರು ಸಿಟ್ಟಿನಿಂದ ಒಳಗೆ ಬಂದರು.

"ದರ ನಾನ ಬದಲ್ ಮಾಡೀನಿ. ನನ್ನ ಗಿರಣ್ಯಾಗ ನಾನು ಯಾರಿಗೆ ಹೇಳಬೇಕು?"

"ನನಗ ಹೇಳ್ರಿ. ಇಲ್ಲಾಂದ್ರ ಕಳ್ಳ ಯಾರು, ಸಾಹುಕಾರ್ರು ಯಾರು ಅಂತ ನನಗ ಹ್ಯಾಂಗ ತಿಳೀಬೇಕ್ರಿ?"

ಅವರ ಕೆಲಸ ಹೋಯಿತೆಂದೇ ನನಗನಿಸಿತು. ಆದರೆ ಸಾಹುಕಾರರು ಕುರ್ಚಿ ಎಳೆದುಕೊಂಡು ಕೂತರು.

"ಆತು, ಈಗ ಹೇಳೀನಿ. ಹೊಸಾ ದರ ಹಾಕಪಾ."

ಮರುವಾರ ಸಾಹುಕಾರರ ಕೋಣೆಯಿಂದ ಕಂಪ್ಯೂಟರಿನವರಿಗೆ ಫೋನು ಬಂತು. ತಮ್ಮ ಪರದೆಯ ಮೇಲಿರುವ ಮೊಮ್ಮಗಳ ಫೋಟೋ ಬದಲಿಸಬಹುದೇ ಎಂದು ಕೇಳುತ್ತಿದ್ದರು.

"ಅದಕ್ಕ ನನ್ನ ಕೇಳೋದು ಬ್ಯಾಡ್ರಿ," ಎಂದರು ಇವರು. "ಮೊಮ್ಮಗಳನ್ನ ಕೇಳ್ರಿ."