ಬಿಚ್ಚದ ಕಣ್ಣಿ

ಆಗ ನನಗೆ ಹನ್ನೊಂದು. ಅದಾಗಿ ಅರವತ್ತು ವರ್ಷ ದಾಟಿತು. ಅಂಕೋಲೆಯ ಉಪ್ಪಿನ ಗಲಾಟೆ ಮುಗಿದು ಎರಡು-ಮೂರು ಮಳೆ ಕಳೆದಿತ್ತು. ನಮ್ಮ ಮನೆ ಅಗಸೂರಿನ ಹೊಳೆದಂಡೆಗೆ.

ಹೊಳೆ ಹಾಡುಹಗಲೇ ಏರಿತು. ಅಪ್ಪ ಪೇಟೆಗೆ ಹೋಗಿದ್ದ. ಅವ್ವಿ ಕುರುಡಿ ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತುತ್ತ, "ಎತ್ತಿನ ಕಣ್ಣಿ ಬಿಚ್ಚಿ ಬಾ" ಎಂದಳು. ಕೊಟ್ಟಿಗೆಯಲ್ಲಿ ನೀರು ಸೊಂಟಕ್ಕಿತ್ತು. ಹೊಸ ನಾರಿನ ಹಗ್ಗ, ನೆನೆದು ಗೂಟದಲ್ಲಿ ಗಂಟು ಕಲ್ಲಾಗಿತ್ತು. ಉಗುರು ಕಿತ್ತುಬಂತು. ಎರಡೂ ಎತ್ತು ನನ್ನನ್ನೇ ನೋಡಿದವು. ಓಡಿದೆ. ಅವ್ವಿ ಕೇಳಿದ್ದಕ್ಕೆ "ಬಿಚ್ಚಿದೆ" ಎಂದೆ.

ನೀರಿಳಿದಾಗ ಕೊಟ್ಟಿಗೆಗೆ ಮೊದಲು ಹೊಕ್ಕವನು ಅಪ್ಪ. ಸತ್ತ ಎತ್ತುಗಳ ಕೊರಳಿನ ಹಗ್ಗ ಕುಡುಗೋಲಿನಲ್ಲಿ ಕೊಯ್ದ. ಗೂಟದಲ್ಲಿ ಉಳಿದ ತುಂಡು ತೆಗೆಯುವಷ್ಟರಲ್ಲಿ ನೆರೆಯವರು ಬಂದರು. ಅದರ ಮೇಲೆ ಹುಲ್ಲು ಎಳೆದ. "ಬಿಟ್ಟರೂ ಕೊಟ್ಟಿಗೆಗೇ ತಿರುಗಿ ಬಂದು ಸತ್ತವು" ಎಂದ. ನನ್ನ ಕಡೆ ಒಂದು ಸಲ ನೋಡಿದ. ಬೈಯಲಿಲ್ಲ.

ನಮ್ಮಲ್ಲಿ ದನ ಕಣ್ಣಿಯಲ್ಲೇ ಸತ್ತರೆ ಬಿಚ್ಚದೆ ಹೋದವರಿಗೆ ದೋಷ. ಆ ಹಗ್ಗ ಕೊರಳಿಗೆ ಹಾಕಿಕೊಂಡು, ಮಾತಾಡದೆ, ಮನೆಮನೆ ಬೇಡಬೇಕು. ಗಂಡಸಾದರೆ ನಾಲ್ಕು ದಿನಕ್ಕೆ ಜನ ಮರೆಯುತ್ತಾರೆ. ಹುಡುಗಿಯಾದರೆ ಅವಳನ್ನು ಯಾರೂ ಮದುವೆಯಾಗುವುದಿಲ್ಲ.

ಹದಿನೈದು ದಿನಕ್ಕೆ ಮಳೆ ಬಿಟ್ಟಿತು. ಸತ್ತ ದನಕ್ಕೆ ಸರಕಾರದ ದುಡ್ಡು ಬರೆದುಕೊಳ್ಳಲು ಮಾಮಲೇದಾರ ಕಚೇರಿಯ ಕಾರಕೂನ ಊರ ಚಾವಡಿಗೆ ಬಂದ. ಅಪ್ಪನ ಜೊತೆ ಅವ್ವಿ, ನಾನೂ ಹೋದೆವು. ಆ ದುಡ್ಡು ಬಂದರೆ ಎತ್ತು, ಎತ್ತಿದ್ದರೆ ಗದ್ದೆ. ಎತ್ತಿಲ್ಲದವನಿಗೆ ಗೇಣಿ ಇಲ್ಲ ಎಂದು ಒಡೆಯರು ಆಗಲೇ ಹೇಳಿಕಳಿಸಿದ್ದರು.

"ಕಟ್ಟಿದ್ದಲ್ಲೇ ಸತ್ತದ್ದಕ್ಕೆ ಮಾತ್ರ ಹುಕುಂ. ಬಿಟ್ಟ ದನ ನಮ್ಮ ಬಾಬ್ತಲ್ಲ," ಎಂದ ಕಾರಕೂನ.

ನಮ್ಮ ನೆರೆಮನೆಯವನ ಆಕಳು ಕಣ್ಣಿಯಲ್ಲೇ ಸತ್ತಿತ್ತು. ಅವನು ಬೇಡಿ ಮುಗಿಸಿದ್ದ. ಹೆಬ್ಬೆಟ್ಟು ಒತ್ತುವಾಗ ಯಾರೋ ಕೆಣಕಿದರು: "ಮಾವ, ಹಗ್ಗ ಕೊರಳಿಗೆ ಚೆಂದ ಕೂತಿತ್ತು!"

"ಹೆಂಡ್ತಿ ಹಾಕಿದ್ದು ಮೊದ್ಲೇ ಇತ್ತಲ್ಲೋ. ಇದೊಂದೇನು ಭಾರ?"

ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಅಪ್ಪನ ಪಾಳಿ ಬಂತು. ಕಾರಕೂನ ಒಳ್ಳೆಯವನೇ. "ನೆನಪು ಮಾಡ್ಕೊಂಡು ಹೇಳು ಮಾರಾಯ. ಕಟ್ಟಿದ್ದಿತ್ತೋ?"

ಅಪ್ಪ ಹೇಳಿದ: "ಇಲ್ರಾ. ಮಗಳು ಬಿಚ್ಚಿದ್ಲು."

"ಹಾಗಾದ್ರೆ ಕೊಡೂಕಾಗೂದಿಲ್ಲ."

"ಆಯ್ತ್ರಾ."

ಅವ್ವಿಗೆ ಏನೂ ಗೊತ್ತಿಲ್ಲ. ಮನೆಗೆ ಬರುವ ದಾರಿಯಲ್ಲಿ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದಳು. "ಯಾವತ್ತಾದ್ರೂ ನನ್ನ ಮಾತು ಕೇಳಿದವಳೇ ನೀನು? ಅವತ್ತೊಂದು ದಿನ ಕೇಳದಿದ್ರೆ ಏನಾಗ್ತಿತ್ತೇ?" ಮುಂದೆ ಹೋಗುತ್ತಿದ್ದ ಅಪ್ಪ ತಿರುಗಲಿಲ್ಲ.

ಗದ್ದೆ ಹೋಯಿತು. ಅಪ್ಪ ಕಾರವಾರದ ಬಂದರಿನಲ್ಲಿ ಮೂಟೆ ಹೊತ್ತೇ ಸತ್ತ. ಆ ಮಾತು ಒಂದು ದಿನವೂ ಎತ್ತಲಿಲ್ಲ. ನನ್ನನ್ನು ಒಳ್ಳೆಯ ಮನೆಗೇ ಕೊಟ್ಟರು. ಅವ್ವಿಗೆ ನಾನು ಕಡೆಯವರೆಗೂ ಹೇಳಲಿಲ್ಲ.

ಕಾರಕೂನ ಹೋದ ಮರುದಿನ ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋಗಿ ಹುಲ್ಲು ಸರಿಸಿದೆ. ಗೂಟದಲ್ಲಿ ಎರಡು ತುಂಡು ಹಗ್ಗ ಹಾಗೇ ಇತ್ತು. ಒಣಗಿತ್ತು. ಗಂಟು ಎರಡೇ ಬೆರಳಿಗೆ ಬಿಚ್ಚಿತು. ನಮ್ಮ ಬಾವಿಯ ಹಗ್ಗ ಹೊಳೆನೀರಿಗೆ ಹರಿದು ಗಿಡ್ಡವಾಗಿತ್ತು. ಅದಕ್ಕೆ ಕಟ್ಟಿ ನೀರು ಸೇದಿದೆ.